ಜಾಹೀರಾತು ಸಿಗದ ಹಾಡುಗಾರ

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಏಳನೇ ಕ್ಲಾಸಿನ ಮೊಮ್ಮಗ ಕೇಳಿದ: "ಅಜ್ಜಿ, ಅಮೆರಿಕದಲ್ಲಿ ಕಪ್ಪು ಜನರಿಗೇ ಅಂತ ಬೇರೆ ಟಿವಿ ಚಾನೆಲ್ ಇದೆಯಂತೆ. ಹಾಗೆ ಬೇರೆ ಮಾಡೋದು ತಪ್ಪಲ್ವಾ?"

ಒಳ್ಳೆಯ ಪ್ರಶ್ನೆ. ಮಜ್ಜಿಗೆಯನ್ನ ಕಲಸುತ್ತಾ ನ್ಯಾಟ್ ಕಿಂಗ್ ಕೋಲ್ ಕಥೆ ಹೇಳಿದೆ.

ಅವರ ರೆಕಾರ್ಡುಗಳನ್ನು ಬಿಳಿಯರೂ ಆಸೆಪಟ್ಟು ಕೊಳ್ಳುತ್ತಿದ್ದರು. 1956ರಲ್ಲಿ ಎನ್‌ಬಿಸಿ ಟಿವಿ ಅವರ ಹೆಸರಿನಲ್ಲೇ ಕಾರ್ಯಕ್ರಮ ಶುರುಮಾಡಿತು. ಅಲ್ಲಿ ಟಿವಿ ನಡೆಯುವುದು ಜಾಹೀರಾತಿನ ದುಡ್ಡಿನಿಂದ. ದೇಶಕ್ಕೆಲ್ಲ ಸರಕು ಮಾರುವ ಒಂದು ಕಂಪನಿಯೂ ಪ್ರಾಯೋಜಕರಾಗಿ ಮುಂದೆ ಬರಲಿಲ್ಲ. ಕಪ್ಪು ಗಾಯಕನಿಗೆ ಹಣ ಕೊಟ್ಟರೆ ದಕ್ಷಿಣ ರಾಜ್ಯಗಳ ಬಿಳಿಯ ಗಿರಾಕಿಗಳು ಮುನಿದಾರು ಎಂಬ ಹೆದರಿಕೆ! ಗೆಳೆಯ ಕಲಾವಿದರು ಕಡಿಮೆ ಸಂಭಾವನೆಗೆ ಬಂದು ಹಾಡಿದರೂ 1957ರ ಡಿಸೆಂಬರಿನಲ್ಲಿ ಅದು ನಿಂತಿತು.

"ಪಾಪ" ಅಂದ ಮೊಮ್ಮಗ.

ತಾಳು, ಮುಂದೆ ಕೇಳು. 1970ರಲ್ಲಿ ಷಿಕಾಗೊದಲ್ಲಿ ಡಾನ್ ಕಾರ್ನೀಲಿಯಸ್ ಎಂಬ ಕಪ್ಪು ವರ್ಣೀಯರು 'ಸೋಲ್ ಟ್ರೇನ್' ಎಂಬ ಹಾಡು ಕುಣಿತದ ಕಾರ್ಯಕ್ರಮ ಆರಂಭಿಸಿದರು. ಮರುವರ್ಷ ಅದು ಬೇರೆ ಊರುಗಳಿಗೂ ಹೋಯಿತು. ಬೆನ್ನಿಗೆ ನಿಂತದ್ದು ಅದೇ ಊರಿನ ಜಾನ್ಸನ್ ಪ್ರಾಡಕ್ಟ್ಸ್. ಅದರ ಮಾಲೀಕರೂ ಕಪ್ಪು ವರ್ಣೀಯರೇ. ತಮ್ಮವರ ಗುಂಗುರು ಕೂದಲಿಗೆ 'ಆಫ್ರೊ ಶೀನ್' ತಯಾರಿಸುತ್ತಿದ್ದರು. ಇಡೀ ಕಥೆಯಲ್ಲಿ ನನಗೆ ಹಿಡಿಸಿದ್ದು ಇದೇ: ಕಾರ್ಯಕ್ರಮದಲ್ಲೂ ಅವರದೇ ಮುಖ, ನಡುವಿನ ಜಾಹೀರಾತಿನಲ್ಲೂ ಅವರದೇ ಮುಖ, ಅವರದೇ ಕೂದಲು.

ಹುಡುಗ ಹುಡುಗಿಯರು ಎರಡು ಸಾಲಾಗಿ ನಿಲ್ಲುವರು. ನಡುವಿನ ದಾರಿಯಲ್ಲಿ ಜೋಡಿಜೋಡಿಯಾಗಿ ಕುಣಿಯುತ್ತಾ ಬರುವರು. ಇನ್ನೊಂದು ಆಟವೂ ಇತ್ತು. ಹಲಗೆಯ ಮೇಲಿನ ಚೆಲ್ಲಾಪಿಲ್ಲಿ ಅಕ್ಷರಗಳನ್ನು ಒಂದು ನಿಮಿಷದಲ್ಲಿ ಜೋಡಿಸಿ ಹೆಸರಾಂತ ಕಪ್ಪು ವರ್ಣೀಯರೊಬ್ಬರ ಹೆಸರು ಮಾಡಬೇಕು. ಕುಣಿಯಲು ಬಂದವರಿಗೆ ಚರಿತ್ರೆಯ ಪರೀಕ್ಷೆ! ಈ ಕಾರ್ಯಕ್ರಮ 2006ರವರೆಗೂ ನಡೆಯಿತು.

ಮೊಮ್ಮಗ ಕೇಳಿದ ಚಾನೆಲ್ ಬಿಇಟಿ. ರಾಬರ್ಟ್ ಜಾನ್ಸನ್ (ಇವರು ಬೇರೆ ಜಾನ್ಸನ್, ಕೂದಲಿನವರಲ್ಲ) 1980ರ ಜನವರಿ 25ರಂದು ಶುರುಮಾಡಿದಾಗ ವಾರಕ್ಕೆ ಎರಡೇ ಗಂಟೆ, ಅದೂ ಶುಕ್ರವಾರ ರಾತ್ರಿ. 1983ರಲ್ಲಿ ಪೂರ್ಣ ಚಾನೆಲ್ ಆಯಿತು.

"ಈಗಲೂ ಅವರದೇನಾ?"

ಇಲ್ಲ ಕಣೋ. 2000ದಲ್ಲಿ ವಯಾಕಾಮ್ ಎಂಬ ದೊಡ್ಡ ಕಂಪನಿಗೆ ಸುಮಾರು 300 ಕೋಟಿ ಡಾಲರಿಗೆ ಮಾರಲು ಒಪ್ಪಿದರು. ನಮ್ಮದು ಅಂದುಕೊಂಡಿದ್ದ ಮನೆ ಕೈಬಿಟ್ಟಿತೆಂದು ನೊಂದವರು ಬಹಳ. ಬರೀ ಅಗ್ಗದ ಹಾಡುಗಳ ವಿಡಿಯೊ ತೋರಿಸುತ್ತಾರೆಂದು ಅದಕ್ಕೂ ಮೊದಲೇ ಬೈಯುತ್ತಿದ್ದ ಹಿರಿಯರೂ ಇದ್ದರು. ಮನೆಯವರಿಗಲ್ಲದೆ ಇನ್ಯಾರಿಗೆ ಬೈಯುವ ಹಕ್ಕು?

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಕೈ ತೊಳೆದು ಬಂದವನೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ 'ಕೋ, ಟ್, ಗ್, ನ್ಯಾ, ಲ್, ಕಿಂ' ಎಂದು ಬರೆದು ತಂಗಿಯ ಮುಂದಿಟ್ಟ.

"ಒಂದೇ ನಿಮಿಷ!"