ಜಾಲಹಳ್ಳಿಯ ಹಳೆಯ ಗಡಿಯಾರ, ಹೊಸ ಮಣಿಕಟ್ಟು

ಮಲೆನಾಡಿನಿಂದ ಪೀಣ್ಯದ ಕಾರ್ಖಾನೆಗಳಿಗೂ ವೈಟ್‌ಫೀಲ್ಡಿನ ಕಚೇರಿಗಳಿಗೂ ಹೋದ ಯುವಕ ಯುವತಿಯರಲ್ಲಿ ಈಚೆಗೆ ಒಂದು ಹೊಸ ಆಸೆ ಕಾಣುತ್ತಿದೆ. ಮೊದಲ ಕೆಲವು ಸಂಬಳಗಳು ಕೈಸೇರಿದ ಮೇಲೆ ಅವರು ಕೀ ಕೊಡುವ ಹಳೆಯ ಕೈಗಡಿಯಾರವೊಂದನ್ನು ಹುಡುಕುತ್ತಾರೆ. ಪೆಟ್ಟಿಗೆಯಲ್ಲಿಟ್ಟು ನೋಡುವುದಕ್ಕಲ್ಲ, ದಿನವೂ ಕಟ್ಟಿಕೊಳ್ಳುವುದಕ್ಕೆ. ಜೇಬಿನ ಮೊಬೈಲಿನಲ್ಲಿ ಸಮಯವಿರುವಾಗ ಇದೇಕೆ ಎಂದು ಹಿರಿಯರು ನಗುವುದುಂಟು. ಹೀಗೆ ನಗುವ ಹಿರಿಯರಲ್ಲಿ ಅನೇಕರು ಮದುವೆಯಲ್ಲಿ ವರೋಪಚಾರವೆಂದು ಎಚ್‌ಎಂಟಿ ಗಡಿಯಾರವನ್ನು ಹಟ ಹಿಡಿದು ಪಡೆದವರು. ಹೆಣ್ಣಿನ ತಂದೆ ಅದಕ್ಕಾಗಿ ಮಾಡಿದ ಸಾಲದ ಕಥೆ ಬೇರೆಯೇ ಇದೆ.

ಆಸೆ ಒಳ್ಳೆಯದೇ. ಆದರೆ ಕೊಳ್ಳುವ ದಾರಿಯಲ್ಲಿ ಮೋಸವಿದೆ, ಕೊಂಡ ಮೇಲೆ ಹೊಣೆಯಿದೆ. ಗಡಿಯಾರ ಹುಟ್ಟಿದ ನೆಲದ ಪ್ರಶ್ನೆಯೂ ಒಂದಿದೆ.

ಹಿಂದೂಸ್ತಾನ್ ಮಷಿನ್ ಟೂಲ್ಸ್ 1953ರಲ್ಲಿ ಸ್ಥಾಪನೆಯಾದದ್ದು ಯಂತ್ರೋಪಕರಣಗಳನ್ನು ತಯಾರಿಸಲು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಗಡಿಯಾರದ ಕಾರ್ಖಾನೆ ಆರಂಭವಾಯಿತು. 1963ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದರು. ಜನತಾ, ಪೈಲಟ್, ಸೋನಾ, ಕಾಂಚನ್ ಎಂಬ ಹೆಸರುಗಳು ಶಾಲಾ ಮಾಸ್ತರರಿಂದ ಹಿಡಿದು ಬಸ್ ಕಂಡಕ್ಟರರವರೆಗೆ ಎಲ್ಲರ ನಾಲಿಗೆಯ ಮೇಲಿದ್ದವು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆಯಾಯಿತು. 1980ರ ದಶಕದಲ್ಲಿ ಎಲೆಕ್ಟ್ರಾನಿಕ್ ಸಿಟಿಯಾಚೆಯ ಹೊಸೂರಿನಿಂದ ಟೈಟಾನ್ ಕಂಪನಿಯ ಕ್ವಾರ್ಟ್ಸ್ ಗಡಿಯಾರಗಳು ಬಂದ ಮೇಲೆ ಎಚ್‌ಎಂಟಿ ಮಾರುಕಟ್ಟೆಯಲ್ಲಿ ಹಿಂದೆ ಬಿದ್ದಿತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಆ ಮೇಲೆಯೂ ಆ ಹೆಸರಿನ ಹೊಸ ಗಡಿಯಾರಗಳು ಮಾರಾಟವಾಗಿವೆ. ಇಲ್ಲಿಯ ಮಾತು ಹಳೆಯವನ್ನು ಕುರಿತದ್ದು.

ಮೊದಲ ಹಳೆಯ ಗಡಿಯಾರ ಯಾವುದಾಗಬೇಕೆಂದರೆ ನಿಸ್ಸಂದೇಹವಾಗಿ ಜನತಾ. ಅದು ಅಂದವಾದುದೆಂದಲ್ಲ, ಅದರ ಯಂತ್ರ ಸರಳವಾದುದು, ಮತ್ತು ಅದನ್ನು ಬಲ್ಲ ಕೈಗಳು ಇನ್ನೂ ಉಳಿದಿವೆ. ಕೀ ಕೊಟ್ಟಾಗ ಒಳಗಿನ ಸುರುಳಿ ಬಿಗಿಯುತ್ತದೆ. ಅದು ಬಿಚ್ಚಿಕೊಳ್ಳುವ ಬಲವನ್ನು ತೂಗುಚಕ್ರವೊಂದು ಸೆಕೆಂಡಿಗೆ ಐದು ಬಡಿತಗಳಾಗಿ ಹಂಚುತ್ತದೆ. ಡಯಲಿನ ಮೇಲೆ ಬರೆದಿರುವ 17 ಜ್ಯುವೆಲ್ಸ್ ಎಂದರೆ ಒಡವೆಯ ಹರಳುಗಳಲ್ಲ. ಚಕ್ರದ ತುದಿಗಳು ಸವೆಯದಂತೆ ಕೂರಿಸಿದ ಕೃತಕ ಮಾಣಿಕ್ಯಗಳು. ಪ್ಯಾರಾಶಾಕ್ ಎಂಬುದು ಗಡಿಯಾರ ಬಿದ್ದಾಗ ತೂಗುಚಕ್ರದ ತುದಿ ಮುರಿಯದಂತೆ ಕಾಯುವ ಏರ್ಪಾಟು. ಒಮ್ಮೆ ಕೀ ಕೊಟ್ಟರೆ ಒಂದು ದಿನಕ್ಕೂ ಮೀರಿ ನಡೆಯುತ್ತದೆ. ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಆಗುವುದು ದೋಷವಲ್ಲ. ಸೆಕೆಂಡಿನ ಲೆಕ್ಕ ಬೇಕಾದವರು ಸೆಕೆಂಡಿಗೆ 32,768 ಸಲ ಕಂಪಿಸುವ ಕ್ವಾರ್ಟ್ಸ್ ಹರಳನ್ನೇ ನೆಚ್ಚಲಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಮೋಸವಿರುವುದು ಮುಖದಲ್ಲಿ. ಪೈಲಟ್ ಹೆಸರಿನಲ್ಲಿ ಹಸಿರು, ಕಿತ್ತಳೆ, ನೀಲಿ ಬಣ್ಣಗಳ ಥಳಥಳಿಸುವ ಡಯಲುಗಳು ಮಾರಾಟಕ್ಕಿವೆ. ಇವುಗಳಲ್ಲಿ ಹೆಚ್ಚಿನವು ಹಳೆಯ ಡಯಲನ್ನು ತಿಕ್ಕಿ ಮತ್ತೆ ಬಣ್ಣ ಬಳಿದಂಥವು. ಒಂದರ ಯಂತ್ರ, ಇನ್ನೊಂದರ ಕೇಸು, ಮತ್ತೊಂದರ ಮುಳ್ಳುಗಳನ್ನು ಕೂಡಿಸಿದವೂ ಉಂಟು. ಐವತ್ತು ವರ್ಷದ ಗಡಿಯಾರ ನಿನ್ನೆ ಹುಟ್ಟಿದಂತೆ ಹೊಳೆಯುತ್ತಿದ್ದರೆ ಸಂಶಯಪಡಬೇಕು. ಅಕ್ಷರಗಳ ಅಂಚು ದಪ್ಪವಾಗಿದೆಯೇ, ನಿಮಿಷದ ಗೆರೆಗಳು ಸರಿಸಾಲಾಗಿವೆಯೇ ಎಂಬುದನ್ನು ಭೂತಗನ್ನಡಿಯಲ್ಲಿ ನೋಡಬೇಕು. ಬೆನ್ನು ತೆಗೆಸಿ ಯಂತ್ರವನ್ನು ತೋರಿಸಲು ಒಪ್ಪದ ವ್ಯಾಪಾರಿಯಿಂದ ಕೊಳ್ಳಬಾರದು. ತುಸು ಹಳದಿಗಟ್ಟಿದ ಮೂಲ ಡಯಲು ಹೊಸ ಬಣ್ಣಕ್ಕಿಂತ ಮೇಲು. ಗಾಜಿನ ಗೀರುಗಳಿಗೆ ಹೆದರಬೇಕಾಗಿಲ್ಲ, ಅದು ಅಕ್ರಿಲಿಕ್, ತಿಕ್ಕಿದರೆ ಹೋಗುತ್ತದೆ.

ಇನ್ನೊಂದು ಎಚ್ಚರಿಕೆ ಅಗತ್ಯ. ಅಜ್ಜನ ಕಾಲದ ವಿದೇಶಿ ಗಡಿಯಾರಗಳು ಕೆಲವರ ಮನೆಯಲ್ಲಿರುತ್ತವೆ. ಕತ್ತಲಲ್ಲಿ ಹೊಳೆಯಲೆಂದು 1960ರ ದಶಕದವರೆಗೂ ಕೆಲವು ಕಂಪನಿಗಳು ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದವು. ರೇಡಿಯಂನ ಅರ್ಧಾಯು ಸುಮಾರು 1,600 ವರ್ಷ. ಹೊಳಪು ಆರಿದ್ದರೂ ವಿಕಿರಣ ಆರಿರುವುದಿಲ್ಲ. ಅಂಥದನ್ನು ಮನೆಯಲ್ಲಿ ಬಿಚ್ಚಬಾರದು, ಉದುರಿದ ಪುಡಿಯನ್ನು ಊದಬಾರದು, ದಿನಬಳಕೆಗಂತೂ ಅದು ಬೇಡ.

ಗಡಿಯಾರ ಹುಡುಕುವ ಮೊದಲು ಹುಡುಕಬೇಕಾದದ್ದು ರಿಪೇರಿಯವರನ್ನು. ಮೂರು ನಾಲ್ಕು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಹಾಕದಿದ್ದರೆ ಒಣಗಿದ ಯಂತ್ರ ತನ್ನನ್ನೇ ತಿನ್ನುತ್ತದೆ. ಬಸ್ ನಿಲ್ದಾಣದ ಬಳಿ ಗಾಜಿನ ಪೆಟ್ಟಿಗೆಯ ಹಿಂದೆ ಕಣ್ಣಿಗೆ ಮಸೂರ ಸಿಕ್ಕಿಸಿ ಕುಳಿತ ವೃದ್ಧರು ಪೇಟೆ ಪೇಟೆಯಲ್ಲಿಯೂ ಕಡಿಮೆಯಾಗುತ್ತಿದ್ದಾರೆ. ಅವರ ಮಕ್ಕಳು ಮೊಬೈಲ್ ಅಂಗಡಿ ಇಟ್ಟಿದ್ದಾರೆ. ಬಿಡಿಭಾಗ ಬರುತ್ತಿದ್ದ ಕಾರ್ಖಾನೆ ನಿಂತಿರುವುದರಿಂದ ಒಂದು ಸತ್ತ ಗಡಿಯಾರದ ಚಕ್ರವೇ ಇನ್ನೊಂದಕ್ಕೆ ಜೀವ. ಪೀಣ್ಯದ ಯುವಕ ತಿಂಗಳಿಗೊಂದರಂತೆ ಹತ್ತು ಹಳೆಯ ಗಡಿಯಾರಗಳನ್ನು ಗುಡ್ಡೆ ಹಾಕಿಕೊಂಡರೆ ಅದು ಹಳೆಯದರ ಪ್ರೀತಿಯಲ್ಲ, ಹಳೆಯ ವೇಷದ ಕೊಳ್ಳುಬಾಕತನ. ಒಂದನ್ನು ಕೊಂಡು, ಅದರ ಸರ್ವೀಸಿನ ಹಣವನ್ನು ಆ ವೃದ್ಧರ ಕೈಗೆ ಕೊಟ್ಟು, ಸಾಧ್ಯವಾದರೆ ಅವರ ಪಕ್ಕದಲ್ಲಿ ನಾಲ್ಕು ದಿನ ಕುಳಿತು ಕಲಿಯುವವರು ಬೇಕಾಗಿದ್ದಾರೆ. ಬಾವಿ ತೋಡುವವರನ್ನೂ ಕೊಟ್ಟೆ ಕಟ್ಟುವವರನ್ನೂ ಕಳೆದುಕೊಂಡ ಊರುಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಜೆಗೆ ಊರಿಗೆ ಬಂದವರು ಗಡಿಯಾರವನ್ನು ಬಿಚ್ಚಿಟ್ಟು ತೋಟಕ್ಕಿಳಿಯಬೇಕು. ಹಳೆಯ ಕೇಸುಗಳು ಹೆಚ್ಚಾಗಿ ಕ್ರೋಮ್ ಲೇಪದ ಹಿತ್ತಾಳೆಯವು. ಬೆವರಿನ ಉಪ್ಪು ಲೇಪವನ್ನು ಕೊರೆಯುತ್ತದೆ; ಬೋರ್ಡೋ ದ್ರಾವಣ ಸಿಡಿದರಂತೂ ಹೇಳುವುದೇ ಬೇಡ. ಆಷಾಢದ ಗಾಳಿಯ ತೇವವೊಂದೇ ಗಾಜಿನೊಳಗೆ ಮಂಜು ಹಿಡಿಸಲು ಸಾಕು. ಮಳೆಗಾಲದಲ್ಲಿ ಅಕ್ಕಿಯ ಡಬ್ಬಿಗಿಂತ ಸಿಲಿಕಾ ಜೆಲ್ ಪೊಟ್ಟಣವಿಟ್ಟ ಬಿಗಿ ಮುಚ್ಚಳದ ಡಬ್ಬಿ ಒಳ್ಳೆಯದು, ಅಕ್ಕಿಯ ಹಿಟ್ಟು ಯಂತ್ರಕ್ಕೆ ಶತ್ರು.

ಇನ್ನು ನೆಲದ ಪ್ರಶ್ನೆ. ಎಚ್‌ಎಂಟಿಯನ್ನು ನೆನೆದು ಕಣ್ಣೀರಿಡುವ ಬರಹಗಳಲ್ಲಿ ಇದು ಬರುವುದೇ ಇಲ್ಲ. ಕಾರ್ಖಾನೆಗೆ ಕೊಟ್ಟ ಪೀಣ್ಯ, ಜಾಲಹಳ್ಳಿಯ ಭೂಮಿ ಅರಣ್ಯವೆಂದೂ, ಅದನ್ನು ಕಾನೂನಿನಂತೆ ಡಿನೋಟಿಫೈ ಮಾಡಿರಲಿಲ್ಲವೆಂದೂ ಹೇಳಿ ರಾಜ್ಯದ ಅರಣ್ಯ ಇಲಾಖೆ 2024ರಲ್ಲಿ ಮರಳಿ ಪಡೆಯಲು ಹೊರಟಿತು. ಕಂಪನಿಯ ಕಡೆಯವರು ಭೂಮಿ ತಮ್ಮದೆಂದರು. ಅದೇ ವರ್ಷ ಆ ಆವರಣದಲ್ಲಿ ಚಲನಚಿತ್ರದ ಸೆಟ್ಟಿಗಾಗಿ ಮರ ಕಡಿದರೆಂಬ ಆರೋಪದ ಮೇಲೆ ಮೊಕದ್ದಮೆಯೂ ದಾಖಲಾಯಿತು. ಸರ್ಕಾರಿ ಕಾರ್ಖಾನೆ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟದ್ದು ನಿಜ. ಕಾಗದದಲ್ಲಿ ಕಾಡಾಗಿಯೇ ಉಳಿದ ನೆಲದ ಮೇಲೆ ಅದು ನಿಂತಿತ್ತೇ ಎಂದು ಕೇಳುವುದು ಆ ಕಾರ್ಮಿಕರಿಗೆ ಮಾಡುವ ಅಪಚಾರವಲ್ಲ. ಇಂದು ಭೂಮಿಯ ಬೆಲೆ ಏರಿರುವಾಗ ಅದು ಕಟ್ಟಡಗಳ ಪಾಲಾಗದೆ ಹಸಿರಾಗಿ ಉಳಿಯಬೇಕೆಂಬುದರಲ್ಲಿ ಎರಡು ಮಾತಿರಬಾರದು.

ಜಾಲಹಳ್ಳಿಯಲ್ಲಿಯೇ 2019ರಲ್ಲಿ ಎಚ್‌ಎಂಟಿಯ ವಸ್ತುಸಂಗ್ರಹಾಲಯ ತೆರೆಯಿತು. ಗಡಿಯಾರ ಕೊಳ್ಳುವ ಮುನ್ನ ಅಲ್ಲಿಗೆ ಹೋಗಿ ಮೂಲ ಡಯಲುಗಳು ಹೇಗಿದ್ದವೆಂದು ಒಮ್ಮೆ ನೋಡಿಕೊಳ್ಳುವುದು ಲೇಸು. ಹೋದವರು ಸುತ್ತಲಿನ ಮರಗಳನ್ನೂ ನೋಡಿಕೊಂಡು ಬರಲಿ.