ಶ್ರುತಪೂಜೆಯೂ ಮನೆಮಾತೂ

ಜ್ಯೇಷ್ಠ ಶುಕ್ಲ ಪಂಚಮಿಯಂದು ಬಸದಿಗಳಲ್ಲಿ ಶಾಸ್ತ್ರಗ್ರಂಥಗಳಿಗೆ ಪೂಜೆ ಸಲ್ಲುತ್ತದೆ. ಗಿರಿನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಗೆ, ತಮ್ಮೊಡನೆಯೇ ಶ್ರುತಜ್ಞಾನವು ಅಳಿದುಹೋದೀತೆಂಬ ಆತಂಕ ಮೂಡಿತು. ದಕ್ಷಿಣದಿಂದ ಬಂದ ಪುಷ್ಪದಂತ, ಭೂತಬಲಿ ಎಂಬ ಮುನಿಗಳಿಗೆ ಅವರು ಅದನ್ನು ಧಾರೆಯೆರೆದರು. ಆ ಶಿಷ್ಯರು ಷಟ್ಖಂಡಾಗಮವನ್ನು ರಚಿಸಿ ಪೂರ್ಣಗೊಳಿಸಿದ ದಿನವೇ ಶ್ರುತಪಂಚಮಿ ಎಂಬುದು ಪರಂಪರೆಯ ನಂಬಿಕೆ.

ಆ ಆಗಮದ ಮುಂದಿನ ಕಥೆ ಇನ್ನೂ ಮನನೀಯವಾದುದು. ವೀರಸೇನಾಚಾರ್ಯರು ಅದಕ್ಕೆ ಬರೆದ ಧವಲಾ ಟೀಕೆಯ ತಾಳೆಗರಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದವು. ಆಗಮದ ಭಾಷೆ ಪ್ರಾಕೃತ, ಗರಿಗಳ ಲಿಪಿ ಹಳಗನ್ನಡ. ಯಾತ್ರಿಕರು ತಲೆಮಾರುಗಳ ಕಾಲ ಅವುಗಳ ದರ್ಶನ ಪಡೆದು, ಕೈಮುಗಿದು ಮರಳಿದರು. ಓದಬಲ್ಲವರು ಮಾತ್ರ ತೀರ ವಿರಳ. ಹಳೆಯ ಲಿಪಿಯನ್ನು ಬಲ್ಲ ಕೆಲವರು ಶ್ರಮಪಟ್ಟು ಪ್ರತಿ ಮಾಡಿದ ಬಳಿಕವೇ, 1939ರಿಂದ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅದು 16 ಸಂಪುಟಗಳಾಗಿ ಬೆಳಕು ಕಂಡಿತು. ಭಕ್ತಿಯು ಗರಿಗಳನ್ನು ಕಾಪಾಡಿತು, ನಿಜ. ಅಕ್ಷರ ಬಲ್ಲ ಆ ಕೆಲವರೂ ಇಲ್ಲದೆ ಹೋಗಿದ್ದರೆ ಅವು ಗೆರೆಗಳುಳ್ಳ ಒಣ ಎಲೆಗಳಾಗಿಯೇ ಉಳಿಯುತ್ತಿದ್ದವು.

ಇಂದು ಕನ್ನಡಕ್ಕೂ ಅಂಥದೇ ಗೌರವ ಸಲ್ಲುತ್ತಿದೆ: ದರ್ಶನವುಂಟು, ಓದಿಲ್ಲ. ವಿಜ್ಞಾನ, ವ್ಯಾಪಾರ, ಉನ್ನತ ಶಿಕ್ಷಣಗಳನ್ನು ಇಂಗ್ಲಿಷ್ ಆಳುತ್ತಿರುವಾಗ ತಂದೆತಾಯಿಗಳು ಮಕ್ಕಳಿಗೆ ಅದನ್ನು ಕಲಿಸುವುದು ಸಹಜ. ಅದನ್ನು ದೂಷಿಸಲು ಜಿನಧರ್ಮದಲ್ಲಿ ಆಧಾರವಿಲ್ಲ. 1893ರಲ್ಲಿ ಷಿಕಾಗೋ ಸರ್ವಧರ್ಮ ಸಮ್ಮೇಳನದಲ್ಲಿ ವೀರಚಂದ ಗಾಂಧಿಯವರು ಜೈನತತ್ತ್ವವನ್ನು ವಿವರಿಸಿದ್ದು ಇಂಗ್ಲಿಷಿನಲ್ಲಿಯೇ. ಮಹಾವೀರ ಸ್ವಾಮಿಯು ಜನರ ನುಡಿಯಾದ ಅರ್ಧಮಾಗಧಿಯಲ್ಲಿ ಉಪದೇಶಿಸಿದರೂ, ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರಕ್ಕೆ ಸಂಸ್ಕೃತವನ್ನು ಆರಿಸಿಕೊಂಡರು. ಹಾಗೆಂದು ಪ್ರಾಕೃತವನ್ನು ಯಾರೂ ತೊರೆಯಲಿಲ್ಲ. ಶ್ರವಣಬೆಳಗೊಳದ ಬಾಹುಬಲಿಯ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಮೂರೂ ನುಡಿಗಳ ಶಾಸನಗಳಿವೆ. ಒಂದನ್ನು ಕೆತ್ತಲು ಇನ್ನೊಂದನ್ನು ಅಳಿಸಬೇಕೆಂದು ಆ ಕಾಲದವರಿಗೆ ತೋರಲಿಲ್ಲ.

ದೋಷವಿರುವುದು ಏಕಾಂತದಲ್ಲಿ, ಅಂದರೆ ಇಂಗ್ಲಿಷ್ ಒಂದೇ ಸಾಕೆಂಬ ಹಟದಲ್ಲಿ. ಮಗು ಣಮೋಕಾರ ಮಂತ್ರವನ್ನು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಓದುವಾಗ ‘ಣ’ಕಾರಕ್ಕೂ ‘ನ’ಕಾರಕ್ಕೂ ಒಂದೇ ಅಕ್ಷರ. ಹಿರಿಯರು ಒಮ್ಮೆ ತಿದ್ದಬಹುದು, ಎರಡು ಬಾರಿ ತಿದ್ದಬಹುದು. ಕಣ್ಣಿಗೆ ಕಾಣದ ಭೇದವು ನಾಲಗೆಯಲ್ಲಿ ಎಷ್ಟು ದಿನ ನಿಂತೀತು? ಪಂಪನ ಆದಿಪುರಾಣವಂತೂ ದೂರವೇ ಉಳಿಯಿತು. ಅಜ್ಜಿ ಬರೆದಿಟ್ಟ ಹಾಡಿನ ಪುಸ್ತಕವನ್ನೇ ಓದಲಾರದ ಮೊಮ್ಮಕ್ಕಳು ಶ್ರಾವಕರ ಮನೆಗಳಲ್ಲಿ ಬೆಳೆಯುತ್ತಿದ್ದಾರೆ.

ಬರುವ ಶ್ರುತಪಂಚಮಿಯಂದು ಪೂಜೆ ಮುಗಿದೊಡನೆ ಗ್ರಂಥಗಳನ್ನು ವಸ್ತ್ರದಲ್ಲಿ ಕಟ್ಟಿಡುವ ಅವಸರ ಬೇಡ. ಅವುಗಳಲ್ಲಿ ಒಂದು ಕನ್ನಡದ್ದಿರಲಿ. ಅದರ ಒಂದು ಪುಟವನ್ನು ಪಾಠಶಾಲೆಯ ಮಗುವೊಂದು ಎಲ್ಲರೆದುರು ಓದಲಿ. ತಡವರಿಸಿದರೆ ಪಕ್ಕದಲ್ಲಿ ಕುಳಿತ ಅಜ್ಜಿ ಹೇಳಿಕೊಡಲಿ.