ಕಣತಲೆ ನೋವಿನ ಹಿರಿಯರಿಗೆ ಅದೇ ದಿನ ತಪಾಸಣೆ, ಅದೇ ದಿನ ಗುಳಿಗೆ

ಇವರಿಗೆ,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಚಾಮರಾಜನಗರ ಜಿಲ್ಲೆ

ಇವರಿಂದ,
ಹೊನ್ನೂರಿನ ಹಿರಿಯ ನಾಗರಿಕರು ಮತ್ತು ಮನೆಯವರು,
ಯಳಂದೂರು ತಾಲ್ಲೂಕು

ವಿಷಯ: ಜೈಂಟ್ ಸೆಲ್ ಆರ್ಟರೈಟಿಸ್ ಕಾಯಿಲೆಯನ್ನು ಬೇಗ ಪತ್ತೆಹಚ್ಚಲು ಯಳಂದೂರು, ಕೊಳ್ಳೇಗಾಲ ಮತ್ತು ಹನೂರು ತಾಲ್ಲೂಕುಗಳಲ್ಲಿ ವ್ಯವಸ್ಥೆ ಮಾಡುವ ಕುರಿತು

ಮಾನ್ಯರೇ,

ಐವತ್ತು ದಾಟಿದವರಿಗೆ, ಅದರಲ್ಲೂ ಎಪ್ಪತ್ತರ ಆಸುಪಾಸಿನವರಿಗೆ ಬರುವ ಕಾಯಿಲೆ ಇದು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ತಲೆಗೆ, ಕಣ್ಣಿಗೆ ರಕ್ತ ಒಯ್ಯುವ ನಾಳಗಳ ಗೋಡೆ ಉರಿಯೂತದಿಂದ ದಪ್ಪಗಾಗಿ ರಕ್ತದ ದಾರಿ ಕಿರಿದಾಗುತ್ತದೆ. ಹಿಂದೆಂದೂ ಇಲ್ಲದಂಥ ತಲೆನೋವು, ಬಾಚಣಿಗೆ ತಾಗಿದರೂ ನೋಯುವ ನೆತ್ತಿ, ಸುಸ್ತು, ಸಣ್ಣ ಜ್ವರ, ಬೆಳಿಗ್ಗೆ ಎದ್ದಾಗ ಭುಜ ಸೊಂಟಗಳ ಬಿಗಿತ ಇದರ ಲಕ್ಷಣಗಳು. ಕೆಲವರಿಗೆ ಒಂದು ಕಣ್ಣಿಗೆ ಕತ್ತಲು ಕವಿದು, ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ. ಕಣ್ಣಿನ ನರಕ್ಕೆ ರಕ್ತ ನಿಂತುಹೋದರೆ ಮಾತ್ರ ಆ ದೃಷ್ಟಿ ಮರಳುವುದು ತೀರಾ ಅಪರೂಪ. ಚಿಕಿತ್ಸೆ ಸಿಗದಿದ್ದರೆ ಇನ್ನೊಂದು ಕಣ್ಣೂ ದಿನಗಳಲ್ಲೇ, ಇಲ್ಲವೇ ಒಂದೆರಡು ವಾರದಲ್ಲಿ ಹೋಗಬಹುದು.

ನಮ್ಮ ಕಡೆ ಇದನ್ನೆಲ್ಲ 'ವಯಸ್ಸಾಯ್ತಲ್ಲ', 'ಪೊರೆ ಬಂದಿರಬೇಕು', 'ಪಿತ್ತ' ಎಂದು ತಳ್ಳಿಹಾಕುತ್ತೇವೆ. ತಪ್ಪು ಜನರದ್ದಷ್ಟೇ ಅಲ್ಲ, ಕೇಳುವ ಪ್ರಶ್ನೆಯಲ್ಲೂ ಇದೆ. ಅಗಿಯುವಾಗ ದವಡೆ ಸೋತು ನೋಯುವುದು ಈ ಕಾಯಿಲೆಯ ದೊಡ್ಡ ಸುಳಿವು. ಆದರೆ 'ಊಟ ಮಾಡುವಾಗ ದವಡೆ ನೋಯುತ್ತದೆಯೇ' ಎಂದು ಇಲ್ಲಿನ ಅಜ್ಜಿಯನ್ನು ಕೇಳಿದರೆ 'ಇಲ್ಲ' ಎಂದೇ ಹೇಳುತ್ತಾಳೆ. ರಾಗಿಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತೇವೆ. ಕೇಳಬೇಕಾದದ್ದು ಎಲೆಅಡಿಕೆಯ ಬಗ್ಗೆ: 'ಅರ್ಧಕ್ಕೇ ದವಡೆ ಸೋತು ಉಗುಳಿಬಿಡುತ್ತೀಯಾ?' ಆಶಾ ಕಾರ್ಯಕರ್ತೆಯರಿಗೂ ಶುಶ್ರೂಷಾಧಿಕಾರಿಗಳಿಗೂ ಕೊಡುವ ತರಬೇತಿಯಲ್ಲಿ ಪ್ರಶ್ನೆ ಹೀಗೆಯೇ ಇರಲಿ.

ನಮ್ಮ ಮುಖ್ಯ ಬೇಡಿಕೆ ಒಂದೇ. ಅನುಮಾನ ಬಲವಾಗಿದ್ದಲ್ಲಿ, ರೋಗಿ ಜಿಲ್ಲಾ ಕೇಂದ್ರದ ಬಸ್ಸು ಹತ್ತುವ ಮೊದಲೇ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆಯ ಮೊದಲ ಡೋಸ್ ಕೊಡಲು ವೈದ್ಯಾಧಿಕಾರಿಗಳಿಗೆ ಲಿಖಿತ ಸೂಚನೆ ಹೊರಡಿಸಬೇಕು. ವಾಡಿಕೆಯ ಪ್ರಮಾಣ ದಿನಕ್ಕೆ 40ರಿಂದ 60 ಮಿಲಿಗ್ರಾಂ. ದೃಷ್ಟಿ ಆಗಲೇ ಮಂಜಾಗಿದ್ದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಸೇರಿಸಿ, ಮೀಥೈಲ್ ಪ್ರೆಡ್ನಿಸೊಲೋನ್ ಅನ್ನು ರಕ್ತನಾಳಕ್ಕೆ ಕೊಡುವ ಕ್ರಮವಿದೆ. ಬಯಾಪ್ಸಿಯ ವರದಿ ಬರಲಿ ಎಂದು ಕಾಯುವ ಅಗತ್ಯವಿಲ್ಲ. ಗುಳಿಗೆ ಶುರುಮಾಡಿದ ಎರಡು ವಾರದೊಳಗೆ ಕಣತಲೆಯ ರಕ್ತನಾಳದ ಚೂರು ತೆಗೆದರೂ ಸಾಮಾನ್ಯವಾಗಿ ಕಾಯಿಲೆಯ ಗುರುತು ಉಳಿದಿರುತ್ತದೆ. ಬ್ರಿಟನ್ನಿನ ಸಂಧಿರೋಗ ತಜ್ಞರ ಸಂಘ 2020ರಲ್ಲಿ ಹೊರತಂದ ಮಾರ್ಗಸೂಚಿಯೂ ಚಿಕಿತ್ಸೆಯನ್ನು ತಕ್ಷಣ ಆರಂಭಿಸಿ, ರೋಗಿಯನ್ನು ಸಾಧ್ಯವಾದರೆ ಅದೇ ದಿನ, ತಪ್ಪಿದರೆ ಮೂರು ಕೆಲಸದ ದಿನಗಳೊಳಗೆ ತಜ್ಞರು ನೋಡಬೇಕೆನ್ನುತ್ತದೆ. ಸ್ಟೀರಾಯ್ಡ್ ಅಂದರೆ ಭಯವಿರಬೇಕು, ನಿಜ. ಸಕ್ಕರೆ ಕಾಯಿಲೆ, ಬಿ.ಪಿ., ಹಳೆಯ ಕ್ಷಯ ಇರುವವರ ಮೇಲೆ ಕಣ್ಣಿಡಲೇಬೇಕು. ಆದರೆ ಸಕ್ಕರೆ ಏರಿದರೆ ಇಳಿಸಬಹುದು, ಹೋದ ದೃಷ್ಟಿ ಮರಳುವುದು ಅಪರೂಪ.

ಎರಡನೆಯ ಬೇಡಿಕೆ ಇಎಸ್‌ಆರ್ ಪರೀಕ್ಷೆಯದು. ಗಾಜಿನ ಕೊಳವೆಯಲ್ಲಿ ರಕ್ತ ನಿಲ್ಲಿಸಿ ಒಂದು ಗಂಟೆ ನೋಡುವ ಹಳೆಯ ಪರೀಕ್ಷೆ ಅದು. ಗಂಟೆಗೆ 50 ಮಿಲಿಮೀಟರ್ ದಾಟಿದರೆ ಎಚ್ಚರವಾಗಬೇಕು. ಕ್ಷಯದಲ್ಲೂ ಏರುತ್ತದೆ, ಕೆಲವು ರೋಗಿಗಳಲ್ಲಿ ಏರದೆಯೂ ಇರಬಹುದು, ಆದ್ದರಿಂದ ಉರಿಯೂತ ತೋರಿಸುವ ಸಿಆರ್‌ಪಿ ರಕ್ತಪರೀಕ್ಷೆಯನ್ನೂ ಜೊತೆಗೆ ಮಾಡಿಸಬೇಕು. ಫಲಿತಾಂಶ 'ನಾಳೆ ಬನ್ನಿ' ಆಗಬಾರದು. ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳಿಂದ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಂದ ಬರುವವರಿಗೆ ನಾಳೆ ಬರುವುದೆಂದರೆ ಇನ್ನೊಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ.

ಚಾಮರಾಜನಗರ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥ ರೋಗಿಗೆ ಕಣ್ಣಿನ ವಿಭಾಗ, ಮೆಡಿಸಿನ್, ಸರ್ಜರಿ ಎಂದು ಬೇರೆ ಬೇರೆ ಚೀಟಿ ಮಾಡಿಸದೆ, ಒಬ್ಬ ನಿಗದಿತ ವೈದ್ಯರ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನು ಎಲ್ಲ ಆರೋಗ್ಯ ಕೇಂದ್ರಗಳಿಗೂ ಕೊಡಿಸಿರಿ. ಕಣತಲೆಯ ರಕ್ತನಾಳದ ಅಲ್ಟ್ರಾಸೌಂಡ್ ನೋಡಲು ಅಲ್ಲಿನ ರೇಡಿಯಾಲಜಿ ವಿಭಾಗಕ್ಕೆ ತರಬೇತಿ ಸಿಕ್ಕರೆ ಎಷ್ಟೋ ಜನರಿಗೆ ಬಯಾಪ್ಸಿಯೇ ಬೇಕಾಗುವುದಿಲ್ಲ.

ಉತ್ತರ ಯುರೋಪಿಗೆ ಹೋಲಿಸಿದರೆ ಭಾರತದಲ್ಲಿ ಈ ಕಾಯಿಲೆ ಅಪರೂಪ, ಇಷ್ಟಕ್ಕೆಲ್ಲ ಸುತ್ತೋಲೆ ಏಕೆ ಎಂದು ಇಲಾಖೆ ಕೇಳಬಹುದು. ಅಪರೂಪವೆಂಬುದನ್ನು ಒಪ್ಪುತ್ತೇವೆ. ಹುಡುಕದ ಕಾಯಿಲೆ ಲೆಕ್ಕಕ್ಕೂ ಸಿಗುವುದಿಲ್ಲ ಎಂಬುದನ್ನು ತಾವೂ ಒಪ್ಪುವಿರಿ. ಹುಡುಕುವುದು ಈ ತಾಲ್ಲೂಕಿಗೆ ಹೊಸದೂ ಅಲ್ಲ. ಕುಷ್ಠರೋಗದ ವಿರುದ್ಧ ಕೆಲಸ ಮಾಡಲೆಂದು 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿದ್ದು ಯಳಂದೂರು ತಾಲ್ಲೂಕಿಗಾಗಿಯೇ; 1996ರಲ್ಲಿ ಸರ್ಕಾರ ಗುಂಬಳ್ಳಿಯ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಅದಕ್ಕೇ ಒಪ್ಪಿಸಿತು. ಸ್ಪರ್ಶವಿಲ್ಲದ ಮಚ್ಚೆಯನ್ನು ಗುರುತಿಸಲು ಕಲಿತ ತಾಲ್ಲೂಕು, ಮುಟ್ಟಿದರೆ ನೋಯುವ ಕಣತಲೆಯನ್ನು ಗುರುತಿಸಲು ಕಲಿಯದೇ?

ನಾವು ಹೊಸ ಕಟ್ಟಡ ಕೇಳುತ್ತಿಲ್ಲ, ದುಬಾರಿ ಯಂತ್ರವನ್ನೂ ಕೇಳುತ್ತಿಲ್ಲ. ಪ್ರೆಡ್ನಿಸೊಲೋನ್ ಅಗ್ಗದ ಗುಳಿಗೆ. ಮೇಲಿನ ಬೇಡಿಕೆಗಳ ಬಗ್ಗೆ ಸುತ್ತೋಲೆ ಹೊರಡಿಸಿ, ಅದರ ಒಂದು ಪ್ರತಿಯನ್ನು ಹೊನ್ನೂರಿಗೂ ಕಳುಹಿಸಿಕೊಡಬೇಕೆಂದು ವಿನಂತಿಸುತ್ತೇವೆ.


ತಮ್ಮ ವಿಶ್ವಾಸಿಗಳು,
ಹೊನ್ನೂರಿನ ಹಿರಿಯ ನಾಗರಿಕರು ಮತ್ತು ಮನೆಯವರು

ಪ್ರತಿ: ಡೀನ್ ಮತ್ತು ನಿರ್ದೇಶಕರು, ಚಾಮರಾಜನಗರ ವೈದ್ಯಕೀಯ ವಿಜ್ಞಾನ ಸಂಸ್ಥೆ, ತಾಲ್ಲೂಕು ಆರೋಗ್ಯಾಧಿಕಾರಿಗಳು, ಯಳಂದೂರು